ತುಟಿಯ ಮೇಲೆ ಎರಡು ಬೆರಳು

ಶಾಲೆ ಬಿಡುವ ಹೊತ್ತು. ಗೇಟಿನ ಬಳಿ ಮಗಳು ಕೇಲಿಯ ಟೀಚರು ಮಿರೇಯಾಳನ್ನು ಪಕ್ಕಕ್ಕೆ ಕರೆದು, ಸಾವಿನ ಮನೆಯಲ್ಲಿ ಮಾತಾಡುವಷ್ಟು ತಗ್ಗಿದ ದನಿಯಲ್ಲಿ, "ನಿಮ್ಮ ತಾಯಿಯವರ ವಿಷಯ ನಂಗೆ ಗೊತ್ತೇ ಇರ್ಲಿಲ್ಲ. ತುಂಬ ಬೇಜಾರಾಯ್ತು," ಎಂದಳು.

ಬೆಳಿಗ್ಗೆ ಮಿರೇಯಾ ಮನೆ ಬಿಡುವಾಗ ಅಮ್ಮ ತೊಮಾಸಾ ಒಲೆಯ ಮುಂದೆ ನಿಂತು ರೊಟ್ಟಿ ಮಗುಚುತ್ತಿದ್ದಳು. ಬಾಗಿಲು ಸರಿಯಾಗಿ ಹಾಕ್ಕೊಂಡು ಹೋಗು ಎಂದು ಬೈದಿದ್ದಳು ಕೂಡ.

"ಅಮ್ಮನಿಗೇನಾಯ್ತು?"

"ಅಲ್ಲ... ಮಾತು ಬರಲ್ಲವಂತಲ್ಲ. ಹುಟ್ಟಿನಿಂದ್ಲೇನಾ, ಆಮೇಲೆ ಹೋಯ್ತಾ?"

ಟೀಚರು ಕೈಯಲ್ಲಿದ್ದ ಹಾಳೆಯನ್ನು ಬಿಚ್ಚಿದಳು. ಕೇಲಿ ಬಿಡಿಸಿದ ಮನೆಯವರ ಚಿತ್ರ. ಟೋಪಿ ಹಾಕಿದ ಅಪ್ಪ, ಮೈಯೆಲ್ಲ ಬಿಳಿ ಚುಕ್ಕೆ, ಸುಣ್ಣದ ಪುಡಿ. ಫೋನು ಹಿಡಿದ ಅಮ್ಮ. ನಡುವೆ ಹಲ್ಲು ಕಿರಿದು ನಿಂತ ಕೇಲಿ. ಆ ಕಡೆ ತುದಿಯಲ್ಲಿ ಅಜ್ಜಿ. ಎರಡು ಜಡೆ, ಹೂವಿನ ಏಪ್ರನ್, ದೊಡ್ಡ ದೊಡ್ಡ ಕಣ್ಣು, ಮೂಗು. ಮೂಗಿನ ಕೆಳಗೆ ಖಾಲಿ. ಮಗು ಹೇಳಿದ್ದನ್ನು ಟೀಚರೇ ಅಡಿಯಲ್ಲಿ ದುಂಡಗೆ ಬರೆದುಕೊಟ್ಟಿದ್ದಳು: ಇವಳು ನನ್ನ ಅಜ್ಜಿ. ಅಡುಗೆ ಮಾಡುತ್ತಾಳೆ. ಇವಳಿಗೆ ಮಾತು ಬರುವುದಿಲ್ಲ.

ಬಾಯಿ ಮುಚ್ಚಿಸುವುದೇ ಕಷ್ಟವಾದ ಹೆಂಗಸು ಅವಳು, ಬೇಕರಿಯಲ್ಲಿ ಒಂದು ಬನ್ನು ಕೊಳ್ಳಲು ಹೋದರೆ ಮುಕ್ಕಾಲು ಗಂಟೆ ಹರಟುತ್ತಾಳೆ, ಎಂದು ಮಿರೇಯಾ ಹೇಳಬಹುದಿತ್ತು. ಹೇಳಿದರೆ ಮುಂದಿನ ಪ್ರಶ್ನೆ ಬರುತ್ತಿತ್ತು. "ಥ್ಯಾಂಕ್ಸ್," ಎಂದಷ್ಟೇ ಹೇಳಿ ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.

ದಾರಿಯಲ್ಲಿ ಕೇಲಿಯನ್ನು ಕೇಳಿದಳು, ಇಂಗ್ಲಿಷಿನಲ್ಲೇ. "ಅಜ್ಜಿಗೆ ಮಾತು ಬರಲ್ಲ ಅಂತ ಯಾಕೆ ಹೇಳ್ದೆ? ದಿನಾ ನನ್ನ ಹತ್ರ ಮಾತಾಡ್ತಾಳಲ್ಲ, ಅಪ್ಪನ ಹತ್ರ ಮಾತಾಡ್ತಾಳಲ್ಲ."

"ನಿಮ್ಮ ಹತ್ರ ಬರತ್ತೆ," ಎಂದಳು ಕೇಲಿ, ಕರಗಿದ ಹಿಮದ ಕೊಚ್ಚೆಯನ್ನು ಬೂಟಿನಿಂದ ಎರಚುತ್ತ. "ನನ್ನ ಹತ್ರ ಬರಲ್ಲ."

*

ಆ ಕಟ್ಟಳೆ ಮಾಡಿದ್ದು ಮಿರೇಯಾಳೇ. ಕೇಲಿಗೆ ನಾಲ್ಕು ತುಂಬಿ ಶಾಲೆಗೆ ಸೇರಿಸುವ ತಿಂಗಳು, ಊಟದ ಮೇಜಿನ ಮುಂದೆ ನಿಂತು, ಇವತ್ತಿನಿಂದ ಮಗುವಿನ ಜೊತೆ ಯಾರೂ ಸ್ಪ್ಯಾನಿಷ್ ಆಡಕೂಡದು ಎಂದಿದ್ದಳು.

ಗಂಡ ರೋಹೆಲಿಯೊ ಗಡಿಯಾಚೆಯ ಮಿಚೊವಾಕಾನಿನಿಂದ ಈ ದೇಶಕ್ಕೆ ಬಂದಾಗ ಹತ್ತೊಂಬತ್ತು ವರ್ಷದವನು. ಅವನ ಇಂಗ್ಲಿಷೆಲ್ಲ ಗೋಡೆಗೆ ಜಿಪ್ಸಮ್ ಹಲಗೆ ಕೂರಿಸುವ ಜಾಗದಲ್ಲಿ ಕಲಿತದ್ದು. ಹಾಗಾಗಿ ಎರಡು ವರ್ಷದಿಂದ ಮಗಳ ಜೊತೆ ಅವನು ಆಡುವುದೆಲ್ಲ ಕೆಲಸದವರನ್ನು ಕೂಗುವ ಮಾತೇ. ಎತ್ತು. ಇಳಿಸು. ಹುಷಾರು. ಸೂಪರ್. ಊಟದ ಬ್ರೇಕ್! ಮಗು ಬಿದ್ದು ಮಂಡಿ ತರಚಿಕೊಂಡು ಅಳುತ್ತ ಬಂದರೆ ಎತ್ತಿಕೊಂಡು ಬೆನ್ನು ತಟ್ಟಿ "ಹುಷಾರು, ಹುಷಾರು" ಎನ್ನುತ್ತಿದ್ದ. ಅದಕ್ಕಿಂತ ಮೃದುವಾದ ಮಾತು ಆ ಭಾಷೆಯಲ್ಲಿ ಅವನ ಬಳಿ ಇರಲಿಲ್ಲ.

ತೊಮಾಸಾಳ ಬಳಿ ಅಷ್ಟೂ ಇರಲಿಲ್ಲ. ಓಕೆ, ಬೈ, ನೋ, ಅಷ್ಟೇ. ಅವೇ ಮೂರನ್ನು ಒಂದೆರಡು ವಾರ ತಿರುಗಾಮುರುಗಾ ಬಳಸಿ ನೋಡಿದಳು. ಮೊಮ್ಮಗಳಿಗೆ ಜಡೆ ಹಾಕುತ್ತ "ಓಕೆ?" ಎನ್ನುವುದು, ತಟ್ಟೆ ಮುಂದಿಟ್ಟು "ಓಕೆ?" ಎನ್ನುವುದು. ಆಮೇಲೆ ಅದನ್ನೂ ಬಿಟ್ಟಳು.

ಬಸ್ಸಿನಲ್ಲೋ ಅಂಗಡಿಯಲ್ಲೋ ಮಗು ಹಳೆಯ ಅಭ್ಯಾಸದಲ್ಲಿ ಏನಾದರೂ ಸ್ಪ್ಯಾನಿಷ್ ಆಡಿದರೆ ಮಿರೇಯಾ ಬೈಯುತ್ತಿರಲಿಲ್ಲ. ತನ್ನ ತುಟಿಯ ಮೇಲೆ ಎರಡು ಬೆರಳಿಟ್ಟು ಮಗುವಿನ ಕಣ್ಣನ್ನೇ ನೋಡುತ್ತಿದ್ದಳು. ಅಷ್ಟೇ ಸಾಕಿತ್ತು. ಜಾಣ ಮಗು. ಆರು ತಿಂಗಳಲ್ಲಿ ಬೆರಳೆತ್ತುವ ಅಗತ್ಯವೇ ಬೀಳದಂತಾಯಿತು.

ಯಾಕೆ ಹೀಗೆ ಮಾಡಿದಳು ಎಂದು ಕೇಳಿದರೆ ಮಿರೇಯಾಳ ಬಳಿ ಒಂದೇ ಉತ್ತರ: ನೆಲಮಾಳಿಗೆ. ಅವಳು ಇದೇ ಊರಲ್ಲಿ, ಇಲ್ಲಿಂದ ಹತ್ತು ಬೀದಿ ಆಚೆಯ ಶಾಲೆಗೆ ಸೇರಿದಾಗ ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ ಎಂದು ಫಾರ್ಮಿನಲ್ಲಿ ಕೇಳಿದ್ದರು. ತೊಮಾಸಾ ನಿಜ ಬರೆಸಿದಳು. ನಿಜ ಬರೆಸಿದ್ದಕ್ಕೆ ಮಗಳನ್ನು ನೆಲಮಾಳಿಗೆಯಲ್ಲಿ ಬಾಯ್ಲರಿನ ಪಕ್ಕದ ಕೋಣೆಗೆ ಹಾಕಿದರು. ಅಲ್ಲಿ ಐದು ವರ್ಷ ಬಣ್ಣ ತುಂಬಿಸಿದರು. ಮೇಲಿನ ಮಕ್ಕಳು ಗುಣಾಕಾರ ಕಲಿಯುವಾಗ ಕೆಳಗಿನ ಮಕ್ಕಳು ಬಾತುಕೋಳಿಗೆ ಹಳದಿ ಹಚ್ಚುತ್ತಿದ್ದರು. ಕಡೆಗೆ ಮೇಲೆ ಬಂದಾಗ ಮಿರೇಯಾಳಿಗೆ ಎರಡೂ ಭಾಷೆ ಅರ್ಧರ್ಧ ಬರುತ್ತಿತ್ತು. ಎಲ್ಲರೂ "ಕೆಳಗಿನವರು ಬಂದ್ರು" ಎಂದು ನಕ್ಕಿದ್ದರು.

ಆದ್ದರಿಂದ ಮಗಳಿಗೆ ಕೇಲಿ ಎಂದು ಹೆಸರಿಟ್ಟಳು, ಯಾವ ಟೀಚರಿಗೂ ನಾಲಗೆ ತೊಡರಬಾರದೆಂದು. ಮಗಳನ್ನು ಸೇರಿಸುವಾಗ ಅದೇ ಫಾರ್ಮು ಮುಂದೆ ಬಂತು. ಮಗು ಮೊದಲು ಆಡಿದ ಭಾಷೆ? ಮನೆಯಲ್ಲಿ ಆಡುವ ಭಾಷೆ? ಮನೆಯ ಹಿರಿಯರು ಆಡುವ ಭಾಷೆ? ಮೂರಕ್ಕೂ ಇಂಗ್ಲಿಷ್, ಇಂಗ್ಲಿಷ್, ಇಂಗ್ಲಿಷ್ ಎಂದು ಒತ್ತಿ ಬರೆದಳು. ರೋಹೆಲಿಯೊ ಏನದು ಎಂದು ಕೇಳಿದ್ದಕ್ಕೆ, "ವಿಳಾಸ ಗಿಳಾಸ ಕೇಳಿದಾರೆ, ಸೈನ್ ಹಾಕು," ಎಂದಿದ್ದಳು.

*

ಆ ಸಂಜೆ ಚಿತ್ರವನ್ನು ಮೇಜಿನ ಮೇಲೆ ಹರಡಿದಾಗ ರೋಹೆಲಿಯೊ ಮೊದಲು ಜೋರಾಗಿ ನಕ್ಕ. "ಅತ್ತೆ, ನೋಡಿ ಇಲ್ಲಿ! ನಮ್ಮಪ್ಪನ ಕಾಲದಿಂದ ಊರೋರೆಲ್ಲ ಹರಕೆ ಹೊತ್ತಿದ್ರು, ತೊಮಾಸಾ ಬಾಯಿ ಒಂದು ನಿಲ್ಲಲಪ್ಪಾ ಅಂತ. ಇಲ್ಲಿ ಬಂದು ಈಡೇರ್ತು." ಹೆಂಡತಿಯ ಮುಖ ನೋಡಿ ನಗು ನಿಲ್ಲಿಸಿದ.

ತೊಮಾಸಾ ಕನ್ನಡಕ ಹಾಕಿಕೊಂಡು ಹಾಳೆಯನ್ನು ದೀಪದ ಕೆಳಗೆ ಹಿಡಿದಳು. "ಚೆನ್ನಾಗಿ ಬಿಡ್ಸಿದಾಳೆ. ಜಡೆ ನಂದೇ. ಏಪ್ರನ್ನೂ ನಂದೇ."

"ಅಮ್ಮಾ..."

"ಬಾಯಿ ಎಲ್ಲಿ ಅಂತ ಅವಳನ್ನ ಯಾಕೆ ಕೇಳ್ತೀಯ? ನೀನು ಈಸ್ಕೊಂಡು ಎಲ್ಲಿ ಇಟ್ಟಿದೀಯೋ ನೋಡು."

ಚಿತ್ರವನ್ನು ಅವಳೇ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ತೆಗಿ ಎಂದು ಮಿರೇಯಾ ಹೇಳಲಿಲ್ಲ.

ಅದೇ ವಾರ ಕೇಲಿಯ ಚೀಲದಲ್ಲಿ ಬಣ್ಣದ ಚೀಟಿಯೊಂದು ಬಂತು. ಬರುವ ವರ್ಷ ಒಂದನೇ ತರಗತಿಯಿಂದ ಎರಡು ಭಾಷೆಯ ಕ್ಲಾಸು ಶುರುವಾಗುತ್ತದೆ. ಅರ್ಧ ದಿನ ಇಂಗ್ಲಿಷ್, ಅರ್ಧ ದಿನ ಸ್ಪ್ಯಾನಿಷ್. ನೆಲಮಾಳಿಗೆಯಲ್ಲಲ್ಲ. ಮೂರನೇ ಮಹಡಿಯಲ್ಲಿ, ಹೊಸ ಕಿಟಕಿಗಳ ಕೋಣೆಯಲ್ಲಿ.

ಹಿಂದಿನ ಅಂಗಳದ ಬೇಲಿಯಾಚೆಯಿಂದ ಮೆರೆಡಿತ್ ಕೂಗಿದಳು. ಎರಡು ವರ್ಷದ ಹಿಂದೆ ಪಕ್ಕದ ಮನೆ ಕೊಂಡು, ಇಟ್ಟಿಗೆಗೆ ಬೂದು ಬಣ್ಣ ಹೊಡೆಸಿದವಳು. ಅವಳ ಮಗಳು ಲೂನಾ ಕೇಲಿಯ ಕ್ಲಾಸಿನವಳೇ. ಹೊಂಬಣ್ಣದ ಕೂದಲಿನ ಆ ಹುಡುಗಿಗೆ ಸ್ಪ್ಯಾನಿಷ್ ಹೆಸರು, ತನ್ನ ಮಗಳಿಗೆ ಇಂಗ್ಲಿಷ್ ಹೆಸರು ಎಂಬುದು ಮಿರೇಯಾಳಿಗೆ ದಿನಕ್ಕೊಮ್ಮೆಯಾದರೂ ಚುಚ್ಚುತ್ತಿತ್ತು.

"ಚೀಟಿ ನೋಡಿದ್ರಾ? ನಮ್ದು ಲಾಟರಿ! ನಲವತ್ತು ಜನ ಅರ್ಜಿ ಹಾಕಿದಾರೆ, ನಿದ್ದೇನೇ ಬರ್ತಿಲ್ಲ ನಂಗೆ. ನಿಮಗೇನು ಬಿಡಿ, ಅದೃಷ್ಟವಂತರು. ಕೇಲಿಗೆ ಹೇಗಿದ್ರೂ ಸೀಟಿದೆ."

"ಹ್ಞೂಂ," ಎಂದಳು ಮಿರೇಯಾ.

*

ಶಾಲೆಯ ಆಫೀಸಿನಲ್ಲಿ ಕೂರುವ ಮಿಸೆಸ್ ಬಹೇನಾ ಇದೇ ಕೇರಿಯವಳು. ಫೈಲು ತೆಗೆದು ಆ ಮೂರು ಸಾಲಿನ ಮೇಲೆ ಉಗುರಿನಿಂದ ಕುಟ್ಟಿದಳು. ಸ್ಪ್ಯಾನಿಷಿನಲ್ಲೇ ಕೇಳಿದಳು.

"ಇದು ನಿನ್ನ ಅಕ್ಷರಾನೇ ತಾನೆ?"

"ಹೌದು. ಆಗ ನಾನು..."

"ಗೊತ್ತು ಕಣೆ. ಹೆದ್ರಿಕೆ. ಈ ಡ್ರಾಯರ್ ತುಂಬ ಅದೇ ಇರೋದು. ಸಾಂತೊಯೊ ಮನೇದು, ಮನೆಮಾತು ಇಂಗ್ಲಿಷ್. ಓಲ್ಗಿನ್ ಮನೇದು, ಮನೆಮಾತು ಇಂಗ್ಲಿಷ್. ಅವ್ರ ಅಜ್ಜಿ ಬೆಳಿಗ್ಗೆ ಮಗೂನ ಬಿಡೋಕೆ ಬರ್ತಾಳೆ, ಗುಡ್ ಮಾರ್ನಿಂಗ್ ಅಂದ್ರೆ ನನ್ನ ಹಿಂದೆ ಯಾರಿದಾರೆ ಅಂತ ತಿರುಗಿ ನೋಡ್ತಾಳೆ! ಮನೆಮಾತು ಇಂಗ್ಲಿಷಂತೆ!" ಅವಳು ನಗಲಿಲ್ಲ. "ಹನ್ನೆರಡು ಸೀಟು ನಮ್ಮೋರಿಗೆ ಅಂತ ಇಟ್ಟಿದಾರೆ. ಫಾರ್ಮಲ್ಲಿ ನಿಜ ಬರೆದೋರು ಐದೇ ಜನ."

"ಇನ್ನು ಏಳು?"

"ಯಾರೂ ಸಿಗದೇ ಹೋದ್ರೆ ಲಾಟರಿಯೋರಿಗೆ."

"ಫಾರ್ಮು ಬದಲಾಯಿಸಿ ಕೊಡ್ತೀನಿ. ಹೊಸದು ಕೊಡಿ."

"ಬದಲಾಯಿಸೋ ಹಾಗಿಲ್ಲ. ಮಗೂಗೆ ಸ್ಪ್ಯಾನಿಷ್ ಬರತ್ತೆ ಅಂತ ಪರೀಕ್ಷೆ ಮಾಡಿ ತೋರಿಸ್ಬೇಕು. ಚಿತ್ರ ತೋರಿಸಿ ಕೇಳ್ತಾರೆ, ಮಗು ಹೇಳ್ಬೇಕು. ಮೂರು ವಾರ ಬಿಟ್ಟು ಗುರುವಾರ. ಬರತ್ತಾ ಅವಳಿಗೆ?"

"ನಾಲ್ಕು ವರ್ಷದ ತನಕ ಅದನ್ನೇ ಆಡ್ತಿದ್ದಿದ್ದು."

"ಅದನ್ನ ಕೇಳ್ಲಿಲ್ಲ ನಾನು," ಎಂದು ಮಿಸೆಸ್ ಬಹೇನಾ ಪಟ್ಟಿಯ ಕೊನೆಗೆ ಕೇಲಿಯ ಹೆಸರು ಸೇರಿಸಿದಳು.

*

"ನಾನೇನು ರೇಡಿಯೋನಾ?" ಎಂದಳು ತೊಮಾಸಾ. "ಬೇಡ ಅಂದಾಗ ಆರಿಸೋದು, ಬೇಕು ಅಂದಾಗ ಕಿವಿ ತಿರುವೋದು?"

"ಮೂರೇ ವಾರ ಅಮ್ಮಾ."

"ಮೂರು ವಾರ ಆದ್ಮೇಲೆ? ಮತ್ತೆ ಆರಿಸ್ತೀಯಾ?"

"ಇಲ್ಲ. ಸೀಟು ಸಿಕ್ಕಿದ್ರೆ ಯಾವತ್ತೂ ಆರಿಸೋ ಮಾತೇ ಇಲ್ಲ. ನೀನು ಎಷ್ಟು ಬೇಕಾದ್ರೂ ಮಾತಾಡು. ನಮ್ಮೂರಿನ ಕತೆ ಎಲ್ಲ ಹೇಳು. ವಕೀಲನ ಕತೆ ಹೇಳು."

ವಕೀಲ ಎಂಬುದು ತೊಮಾಸಾಳ ಊರಿನ ಒಂದು ಕತ್ತೆ. ಮುಂಗಡವಾಗಿ ಜೋಳ ಕೊಡದೆ ಹೆಜ್ಜೆ ಎತ್ತುತ್ತಿರಲಿಲ್ಲ, ಕೊಟ್ಟ ಮೇಲೂ ಎತ್ತುತ್ತಿರಲಿಲ್ಲ. ಅದಕ್ಕೇ ಆ ಹೆಸರು. ಊರಹಬ್ಬದ ದಿನ ಬೆನ್ನ ಮೇಲೆ ಸಂತನ ಮೂರ್ತಿ ಹೊತ್ತುಕೊಂಡು ಬಂದದ್ದು ಊರಿನ ಯಜಮಾನನ ಬಾಗಿಲ ಮುಂದೆ ಕೂತುಬಿಟ್ಟಿತು. ಮೂರು ದಿನ ಏಳಲಿಲ್ಲ. ಸಂತನೇ ನ್ಯಾಯ ಕೇಳಲು ಕೂತಿದ್ದಾನೆಂದು ಊರೆಲ್ಲ ಸುದ್ದಿಯಾಗಿ, ಯಜಮಾನ ಹೆದರಿ, ಕಿತ್ತುಕೊಂಡಿದ್ದ ಒಬ್ಬ ವಿಧವೆಯ ಹೊಲವನ್ನು ಹಿಂದಕ್ಕೆ ಕೊಟ್ಟ. ತೊಮಾಸಾ ಈ ಕತೆ ಹೇಳುವಾಗ ನಡುನಡುವೆ ಕತ್ತೆಯಾಗಿ ಅರಚುತ್ತಿದ್ದಳು. ನೆಲಮಾಳಿಗೆಯ ಆ ಐದು ವರ್ಷ, ಅಳುತ್ತ ಮನೆಗೆ ಬಂದ ದಿನವೆಲ್ಲ, ಮಿರೇಯಾಳನ್ನು ನಗಿಸುತ್ತಿದ್ದದ್ದು ಆ ಅರಚೇ.

ಮೊದಲ ದಿನ ಅಜ್ಜಿ ತನ್ನ ಕಡೆ ತಿರುಗಿ ಉದ್ದುದ್ದ ಮಾತಾಡತೊಡಗಿದಾಗ ಕೇಲಿ ಹೆದರಿ ಅಮ್ಮನ ಹಿಂದೆ ಅವಿತಳು. ಎರಡನೇ ದಿನ ಕತ್ತೆಯ ಅರಚಿಗೆ ಅತ್ತೇಬಿಟ್ಟಳು. "ಕತೆ ಆಮೇಲೆ," ಎಂದು ತೊಮಾಸಾ ಹುರುಳಿಕಾಯಿಯ ಒಣಬೀಜದ ಚೀಲವನ್ನು ಮೇಜಿನ ಮೇಲೆ ಸುರುವಿದಳು. ಕಲ್ಲು ಆರಿಸಬೇಕಿತ್ತು. ಇದು ಒಳ್ಳೇದು. ಇದು ಕಲ್ಲು. ಇದು ಹುಳ ಹಿಡಿದದ್ದು. ಇದನ್ನ ನಿಮ್ಮಪ್ಪನ ತಟ್ಟೆಗೆ ಹಾಕೋಣ. ಕೇಲಿಗೆ ನಗು ಬಂತು. ಅರ್ಥವಾಗದೆ ನಗು ಬರುವುದಿಲ್ಲವಲ್ಲ.

ಬೀಜ ಆರಿಸುತ್ತ ಆರಿಸುತ್ತ ಮಾತು ಒಂದೊಂದೇ ಮೇಲೆ ಬಂತು. ಎರಡನೇ ವಾರ ಕೇಲಿ ಅಜ್ಜಿಯನ್ನು ನೀರು ಕೇಳಿದಳು, ನಾಯಿ ಬೊಗಳುತ್ತಿದೆ ಎಂದಳು, ಇದು ನಂದು ಎಂದಳು. ಒಂದು ಸಂಜೆ ರೋಹೆಲಿಯೊ ಕೆಲಸದಿಂದ ಬಂದು ಬೂಟು ಬಿಚ್ಚುವಾಗ ಮಗಳು ಬಾಗಿಲಲ್ಲಿ ನಿಂತು, ಸ್ಪ್ಯಾನಿಷಿನಲ್ಲಿ, "ಅಪ್ಪ, ಗಲೀಜು!" ಎಂದಳು. ಅವನು ಒಂದು ಕೈಯಲ್ಲಿ ಬೂಟು ಹಿಡಿದು ಹಾಗೇ ಕೂತ. ಆಮೇಲೆ ಎರಡು ವರ್ಷದಿಂದ ಒಳಗೆ ಕಟ್ಟಿಕೊಂಡಿದ್ದನ್ನೆಲ್ಲ ಒಂದೇ ಉಸಿರಿಗೆ ಹೊರಹಾಕಿದ. ನನ್ನ ಬಂಗಾರ, ನನ್ನ ಗುಬ್ಬಿ, ಹೌದು ಕಣೆ ಗಲೀಜು, ನಿಮ್ಮಪ್ಪ ಗಲೀಜು, ಹುಟ್ಟಿದಾಗಿಂದ್ಲೂ ಗಲೀಜು. ಅಷ್ಟೊಂದು ಕೇಲಿಗೆ ಅರ್ಥವಾಗಲಿಲ್ಲ. ಆದರೂ ಓಡಿಹೋಗಲಿಲ್ಲ.

"ನೋಡಿದ್ಯಾ?" ಎಂದಳು ತೊಮಾಸಾ ಮಗಳಿಗೆ. "ಎಲ್ಲೂ ಹೋಗಿರ್ಲಿಲ್ಲ. ನಿನ್ನ ಹೆದ್ರಿಕೆಗೆ ಬಚ್ಚಿಟ್ಟುಕೊಂಡಿತ್ತು."

ಗುರುವಾರ ಬೆಳಿಗ್ಗೆ ಅವಳು ಮೊಮ್ಮಗಳಿಗೆ ಕೆಂಪು ರಿಬ್ಬನ್ನಿನ ಎರಡು ಜಡೆ ಹಾಕಿ, ಹಣೆಗೆ ಶಿಲುಬೆಯ ಗುರುತು ಎಳೆದು, "ಬೆಳಕು ಅಂದ್ರೆ ಏನು? ಬಾಗಿಲು ಅಂದ್ರೆ ಏನು?" ಎಂದು ಮೆಟ್ಟಿಲು ಇಳಿಯುವವರೆಗೂ ಕೇಳುತ್ತಲೇ ಇದ್ದಳು.

*

ಪರೀಕ್ಷೆಯ ಕೋಣೆಯಲ್ಲಿ ಒಂದು ಚಿಕ್ಕ ಮೇಜು, ಎರಡು ಚಿಕ್ಕ ಕುರ್ಚಿ. ಪರೀಕ್ಷೆ ಮಾಡುವ ಹುಡುಗಿ ಮಿಸ್ ಆಲ್ಡ್ರಿಚ್. ಸ್ಪೇನಿನಲ್ಲಿ ಎರಡು ವರ್ಷ ಓದಿ ಬಂದವಳು. ಅವಳ ಸ್ಪ್ಯಾನಿಷ್ ಇಸ್ತ್ರಿ ಮಾಡಿದ ಬಟ್ಟೆಯ ಹಾಗಿತ್ತು, ಒಂದೂ ಸುಕ್ಕಿಲ್ಲ. ತಾಯಿ ಒಳಗೆ ಕೂರಬಹುದು, ಗೋಡೆಯ ಬಳಿ, ಮಾತಾಡಬಾರದು ಎಂದಳು. ಮಿರೇಯಾ ದಂತವೈದ್ಯರ ಕ್ಲಿನಿಕ್ಕಿನಲ್ಲಿ ದಿನಕ್ಕೆ ಐವತ್ತು ಜನರ ಹಲ್ಲುನೋವನ್ನು ಆ ಭಾಷೆಯಿಂದ ಈ ಭಾಷೆಗೆ ಹೇಳಿ ಸಂಬಳ ತರುವವಳು. ಮಾತಾಡದೆ ಕೂರುವುದು ಅವಳಿಗೆ ಹೊಸದು.

"ನಿನ್ನ ಹೆಸರೇನು?" ಮಿಸ್ ಆಲ್ಡ್ರಿಚ್ ಸ್ಪ್ಯಾನಿಷಿನಲ್ಲಿ ಕೇಳಿದಳು.

ಹೆಸರು ಎರಡು ಭಾಷೆಯಲ್ಲೂ ಒಂದೇ. "ಕೇಲಿ."

"ಭೇಷ್. ಇದೇನು?" ಮೇಜಿನ ಮೇಲೆ ಮೊದಲ ಚಿತ್ರ. ನಾಯಿ.

ಕೇಲಿಗೆ ಗೊತ್ತಿತ್ತು. ಮುಖದಲ್ಲೇ ಕಾಣುತ್ತಿತ್ತು. ಬೀಜದ ರಾಶಿಯಲ್ಲಿ ಕಲ್ಲು ಸಿಕ್ಕಾಗ ಅರಳುತ್ತಿದ್ದ ಹಾಗೆ ಹುಬ್ಬು ಮೇಲೆ ಹೋಯಿತು, ಬಾಯಿ ತೆರೆಯಿತು. ಹೇಳುವ ಮೊದಲು, ಹೇಳಲೇ ಎಂದು ಕೇಳುವ ಹಾಗೆ, ತಿರುಗಿ ಅಮ್ಮನನ್ನು ನೋಡಿದಳು.

ಮಿರೇಯಾ ಮುಂದಕ್ಕೆ ಬಾಗಿದ್ದಳು. ಹೇಳು ಬಂಗಾರ, ಹೇಳು, ಎಂದು ಒಳಗೇ ಜಪಿಸುತ್ತಿದ್ದಳು. ಆ ಮಾತು ಎಲ್ಲಿ ತುಟಿ ಮೀರಿ ಹೊರಗೆ ಬಂದುಬಿಡುತ್ತದೋ ಎಂದು ತನ್ನ ಬಾಯಿಗೆ ತಾನೇ ಕೈ ಒತ್ತಿಕೊಂಡಿದ್ದಳು. ಎರಡು ಬೆರಳು, ತುಟಿಯ ಮೇಲೆ.

ಕೇಲಿಯ ಬಾಯಿ ಮುಚ್ಚಿತು.

ತಾನೇನು ಮಾಡುತ್ತಿದ್ದೇನೆಂದು ಮಿರೇಯಾಳಿಗೆ ಗೊತ್ತಾಗಲು ಒಂದು ಕ್ಷಣ ಹಿಡಿಯಿತು. ಕೈಯನ್ನು ಸುಟ್ಟ ಹಾಗೆ ಕೆಳಗೆಳೆದಳು. ನಕ್ಕಳು, ತಲೆಯಾಡಿಸಿದಳು, ಕಣ್ಣಿನಿಂದಲೇ ಬೇಡಿಕೊಂಡಳು. ಕೇಲಿ ಆಗಲೇ ಆ ಕಡೆ ತಿರುಗಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಕೈ ತೊಡೆಯ ಮೇಲೆ, ತುಟಿ ಬಿಗಿ. ಬಾಗಿಲು ಬಂತು, ಬೆಳಕು ಬಂತು, ನೀರು ಬಂತು, ಅಜ್ಜಿ ಬಂತು. ನರೆಗೂದಲಿನ ಮುದುಕಿಯೊಬ್ಬಳು ಪಾತ್ರೆಯಲ್ಲಿ ಸೌಟಾಡಿಸುತ್ತಿರುವ ಚಿತ್ರ.

"ಇವಳು ಯಾರು? ನಿಮ್ಮನೇಲಿ ಇದಾಳಾ?"

ಇಪ್ಪತ್ನಾಲ್ಕು ಚಿತ್ರ. ಇಪ್ಪತ್ನಾಲ್ಕಕ್ಕೂ ಮೌನ.

"ಅವಳಿಗೆ ಬರತ್ತೆ," ಎಂದಳು ಮಿರೇಯಾ ಎದ್ದು ನಿಂತು. "ನನ್ನ ತಪ್ಪು. ನಾನು ಕೈ... ನನ್ನನ್ನ ಆಚೆ ಕಳಿಸಿ, ಇನ್ನೊಂದು ಸಲ ಕೇಳಿ."

ಮಿಸ್ ಆಲ್ಡ್ರಿಚ್ ಒಳ್ಳೆಯವಳು. ನಿಜವಾಗಿಯೂ ಮರುಗಿದಳು. "ಎಲ್ಲ ತಾಯಂದಿರಿಗೂ ಹಾಗೇ ಅನ್ಸತ್ತೆ. ಪರವಾಗಿಲ್ಲ, ಮಗು ಈಗ ಇಂಗ್ಲಿಷಲ್ಲಿ ಚೆನ್ನಾಗಿ ನೆಲೆ ನಿಂತಿದಾಳೆ. ಅದೂ ಒಳ್ಳೇದೇ ಅಲ್ವಾ?" ಎಂದು ಹಾಳೆಯ ಮೇಲೆ ಸೊನ್ನೆ ಬರೆದಳು.

*

ಮೆಟ್ಟಿಲು ಹತ್ತುವಷ್ಟರಲ್ಲಿ ತೊಮಾಸಾ ಬಾಗಿಲು ತೆಗೆದು ನಿಂತಿದ್ದಳು. ಅಡುಗೆಮನೆಯಲ್ಲಿ ಬೆಲ್ಲ, ದಾಲ್ಚಿನ್ನಿ ಹಾಕಿ ಕುದಿಸಿದ ಜೋಳದ ಗಂಜಿಯ ಪರಿಮಳ, ಮೊಮ್ಮಗಳಿಗೆ ಇಷ್ಟವಾದದ್ದು.

ಕೇಲಿ ಓಡಿಬಂದು ಹೆಮ್ಮೆಯಿಂದ ಇಂಗ್ಲಿಷಿನಲ್ಲಿ ವರದಿ ಒಪ್ಪಿಸಿದಳು: "ನಾನು ಒಂದೂ ಮಾತಾಡ್ಲಿಲ್ಲ! ಆ ಮಿಸ್ಸು ಎಷ್ಟು ಕೇಳಿದ್ರೂ ಹೇಳ್ಲೇ ಇಲ್ಲ! ಅಮ್ಮ ಬೇಡ ಅಂದ್ಲು, ನಂಗೆ ನೆನಪಿತ್ತು!"

"ಏನಂತಾಳೆ?" ತೊಮಾಸಾ ಮಗಳ ಮುಖ ನೋಡಿದಳು. "ಏನಂತಾಳೆ ಹೇಳೇ."

ಮಿರೇಯಾ ಕೋಟಿನ ಗುಂಡಿ ಬಿಚ್ಚುತ್ತಿದ್ದಳು. ಹೇಳಬಹುದಿತ್ತು. ಮುದುಕಿ ಬೈಯುತ್ತಿದ್ದಳು, ಅಳುತ್ತಿದ್ದಳು, ಒಂದು ವಾರವಾದ ಮೇಲೆ ಬಹುಶಃ ನಗುತ್ತಲೂ ಇದ್ದಳು. ಆದರೆ ಬಾಯ್ಲರಿನ ಪಕ್ಕದ ಕೋಣೆ, ನಿಜ ಬರೆಸಿದ ಆ ಫಾರ್ಮು, ಮೂವತ್ತು ವರ್ಷದಿಂದ ತಾಯಿಯ ಮೇಲೆ ಹೊರಿಸಿಕೊಂಡು ಬಂದ ತಪ್ಪು, ಅದನ್ನು ಈಗ ಇಳಿಸಿ ತನ್ನ ತಲೆಯ ಮೇಲೆ ಇಟ್ಟುಕೊಳ್ಳುವುದು ಅವಳಿಂದಾಗಲಿಲ್ಲ.

"ಏನೂ ಗೊತ್ತಾಗ್ಲಿಲ್ಲವಂತೆ," ಎಂದಳು. "ಒಂದಕ್ಕೂ ಉತ್ತರ ಬರ್ಲಿಲ್ಲ. ಸೀಟು ಹೋಯ್ತು."

"ನಾಯಿ? ನಾಯಿ ಗೊತ್ತಿತ್ತಲ್ಲ!"

"ನಿನ್ನ ಹಳ್ಳಿ ಮಾತು ಅಮ್ಮಾ. ಕಲ್ಲು, ಹುಳ, ಕತ್ತೆ. ಅಲ್ಲಿ ಅದನ್ನೆಲ್ಲ ಕೇಳಲ್ಲ. ಸರಿಯಾಗಿ ಕಲಿಸಿದ್ರೆ ಬರ್ತಿತ್ತು."

ತೊಮಾಸಾ ಗಂಜಿಯನ್ನು ಲೋಟಕ್ಕೆ ಬಗ್ಗಿಸಿ ಮೊಮ್ಮಗಳ ಮುಂದಿಟ್ಟು, "ಓಕೆ?" ಎಂದಳು.

ಮೇಜಿನ ಮೇಲೆ ಅರ್ಧ ಆರಿಸಿದ ಬೀಜದ ತಟ್ಟೆ ಎರಡು ದಿನ ಹಾಗೇ ಇತ್ತು. ಮೂರನೇ ದಿನ ಮಿರೇಯಾ ಕೇಲಿಯನ್ನು ಅದರ ಮುಂದೆ ಕೂರಿಸಿದಳು. ಕೇಲಿ, "ಟೆಸ್ಟು ಮುಗೀತಲ್ಲ," ಎಂದು ಎದ್ದುಹೋದಳು.

*

ಲಾಟರಿಯಲ್ಲಿ ಲೂನಾಳ ಹೆಸರು ಹದಿನೇಳನೆಯದಾಗಿ ಬಂತು. ಲಾಟರಿಯವರಿಗೆಂದು ಇದ್ದದ್ದೂ ಹನ್ನೆರಡೇ ಸೀಟು. ಸ್ಪ್ಯಾನಿಷ್ ಮನೆಮಾತಿನವರಿಗೆಂದು ಇಟ್ಟು ಉಳಿದ ಏಳರಲ್ಲಿ ಒಂದು ಅವಳದ್ದಾಯಿತು. ಅದು ಯಾವ ಏಳು ಎಂದು ಮೆರೆಡಿತ್‌ಗೆ ಗೊತ್ತಿರಲಿಲ್ಲ. ಅವಳು ಬೇಲಿಯ ಬಳಿ ನಿಂತು ಕಣ್ಣೊರೆಸಿಕೊಂಡಳು. "ಕೇಲಿ ಯಾಕೆ ಸೇರ್ತಿಲ್ಲ?"

"ನಾವೇ ಬೇಡ ಅಂದ್ವಿ," ಎಂದಳು ಮಿರೇಯಾ.

ಜೂನಿನಲ್ಲಿ ಮೆರೆಡಿತ್ ಒಂದು ಡಬ್ಬ ಸ್ಟ್ರಾಬೆರಿ ಹಿಡಿದು ಮನೆಯೊಳಗೇ ಬಂದಳು. ಲೂನಾಳಿಗೆ ಶಾಲೆ ಶುರುವಾಗುವ ಮೊದಲು ಸ್ವಲ್ಪ ಕಿವಿ ಪಳಗಬೇಕು. ಆಮೇಲೂ ಸಂಜೆ ಎರಡು ತಾಸು ಯಾರಾದರೂ ಜೊತೆಗಿದ್ದು ಮಾತಾಡಿದರೆ ಚೆನ್ನ. ಅಜ್ಜಿ ಬರುತ್ತಾರಾ ಕೇಳ್ತೀರಾ? ಗಂಟೆಯ ಲೆಕ್ಕದಲ್ಲಿ ಕೊಡ್ತೀನಿ.

ಮಿರೇಯಾಳೇ ಅದನ್ನು ತಾಯಿಗೆ ಹೇಳಬೇಕಾಯಿತು. ಪಾತ್ರೆ ತೊಳೆಯುತ್ತಿದ್ದ ತೊಮಾಸಾಳ ಬೆನ್ನಿಗೆ ಹೇಳಿದಳು.

"ಮನೆ ಕ್ಲೀನ್ ಮಾಡೋಕಾ?"

"ಅಲ್ಲ."

"ಅಡುಗೆಗಾ?"

"ಅಲ್ಲಮ್ಮಾ. ಮಾತಾಡೋಕೆ. ಆ ಹುಡುಗಿ ಹತ್ರ. ನಮ್ಮ ಭಾಷೇಲಿ."

ತೊಮಾಸಾ ನಲ್ಲಿ ನಿಲ್ಲಿಸಿದಳು. ಏಪ್ರನ್ನಿಗೆ ಕೈ ಒರೆಸುತ್ತ ಮೆರೆಡಿತ್‌ಳನ್ನು ಮೇಲಿಂದ ಕೆಳಗೆ ನೋಡಿದಳು. "ನನ್ನ ಹಳ್ಳಿ ಮಾತು ಅಂತ ಹೇಳಿದ್ಯಾ ಅವಳಿಗೆ?"

"ಅಮ್ಮಾ, ಈಗ ಬೇಡ."

"ಹೇಳು. ಕಲ್ಲು, ಹುಳ, ಕತ್ತೆ ಅಷ್ಟೇ ಬರೋದು ಅಂತ ಹೇಳು. ಆಮೇಲೆ ಸರಿಯಾಗಿ ಕಲಿಸ್ಲಿಲ್ಲ ಅನ್ನೋದು ಬೇಡ."

"ಏನಂತಾರೆ?" ಎಂದಳು ಮೆರೆಡಿತ್ ನಗುತ್ತ.

"ಸಂತೋಷ ಅಂತಾರೆ," ಎಂದಳು ಮಿರೇಯಾ.

ಮಾರನೆಯ ದಿನ ತೊಮಾಸಾ ಏಪ್ರನ್ ಬಿಚ್ಚಿ, ಚರ್ಚಿಗೆ ಮಾತ್ರ ಹಾಕುವ ನೀಲಿ ಸ್ವೆಟರ್ ತೊಟ್ಟು, ಬಾಗಿಲಲ್ಲಿ ತಿರುಗಿ ನಿಂತಳು. "ಕಾಲ ನೋಡು. ಈ ಮನೇಲಿ ಬಾಯಿ ಮುಚ್ಚು ಅಂತಾರೆ. ಆ ಮನೇಲಿ ಬಾಯಿ ಬಿಡೋಕೆ ದುಡ್ಡು ಕೊಡ್ತಾರೆ."

*

ಅಕ್ಟೋಬರ್ ಬಂತು. ಒಂದು ವಾರದಿಂದ ತೊಮಾಸಾ ಮನೆಯಲ್ಲಿ ಮಿರೇಯಾಳ ಜೊತೆ ಮಾತೇ ನಿಲ್ಲಿಸಿದ್ದಳು. ತಟ್ಟೆ ಇಡುತ್ತಾಳೆ, ತೆಗೆಯುತ್ತಾಳೆ. ರೋಹೆಲಿಯೊ ಕೇಳಿದರೆ ಅವನಿಗಷ್ಟೇ ಉತ್ತರ. ಪಕ್ಕದ ಮನೆಯಲ್ಲಿ ಎರಡು ತಾಸು ಮಾತಾಡಿ ಸುಸ್ತಾಗಿರಬೇಕು ಎಂದುಕೊಂಡಿದ್ದಳು ಮಿರೇಯಾ.

ಶುಕ್ರವಾರ ಕ್ಲಿನಿಕ್ಕಿನಿಂದ ಬೇಗ ಬಂದಳು. ಕೇಲಿ ಹಿಂದಿನ ಅಂಗಳದ ಮರದ ಮೆಟ್ಟಿಲ ಮೇಲೆ, ಜಾಕೆಟ್ಟಿನ ಟೋಪಿ ಎಳೆದುಕೊಂಡು, ಗಲ್ಲಕ್ಕೆ ಕೈಕೊಟ್ಟು ಕೂತಿದ್ದಳು. ಬೇಲಿಯ ಆಚೆಯಿಂದ ತೊಮಾಸಾಳ ದನಿ ಬರುತ್ತಿತ್ತು. ಏರುತ್ತ, ಇಳಿಯುತ್ತ, ಬೇರೆ ಯಾರದೋ ದನಿಯಲ್ಲಿ ಗೊಗ್ಗರಿಸುತ್ತ. ಮಿರೇಯಾ ನಿಂತಲ್ಲೇ ನಿಂತಳು. ಸಂತನ ಮೂರ್ತಿ. ಯಜಮಾನನ ಬಾಗಿಲು. ಮುಂಗಡ ಎಲ್ಲಿ ಎಂದು ಕೇಳುತ್ತಿದೆ ಕತ್ತೆ. ಆಮೇಲೆ ಆ ಅರಚು, ಉದ್ದಕ್ಕೆ, ಕೊನೆಯಲ್ಲಿ ಬಿಕ್ಕುವ ಹಾಗೆ. ಲೂನಾ ಬಿದ್ದು ಬಿದ್ದು ನಗುತ್ತಿದ್ದಳು. ಸ್ಪ್ಯಾನಿಷಿನಲ್ಲಿ, ಸಲೀಸಾಗಿ, "ಇನ್ನೊಂದ್ಸಲ ಅಜ್ಜಿ, ಇನ್ನೊಂದ್ಸಲ!" ಎಂದಳು. ಅಜ್ಜಿ ಎಂದೇ ಕರೆದಳು.

ಮಿರೇಯಾ ಮಗಳ ಪಕ್ಕ ಕೂತಳು. ಮೆಟ್ಟಿಲು ತಣ್ಣಗಿತ್ತು.

"ಅದೊಂದು ಕತ್ತೆ ಕತೆ," ಎಂದಳು. "ನಾನು ಹೇಳ್ಲಾ? ಒಂದೂರಲ್ಲಿ ಒಂದು ಕತ್ತೆ ಇತ್ತಂತೆ. ಅದಕ್ಕೆ..." ಇಂಗ್ಲಿಷಿನಲ್ಲಿ ಅದು ಬರೀ ಕತ್ತೆಯಾಗಿ ಉಳಿಯಿತು. ಮುಂದಕ್ಕೆ ಹೋಗಲಿಲ್ಲ.

"ಪರವಾಗಿಲ್ಲಮ್ಮ," ಎಂದಳು ಕೇಲಿ, ದೊಡ್ಡವರು ಚಿಕ್ಕವರನ್ನು ಸಮಾಧಾನ ಮಾಡುವ ಹಾಗೆ. "ನಾಳೆ ಲೂನಾ ಹೇಳ್ತಾಳೆ ನಂಗೆ. ಅಜ್ಜಿ ಹೇಳಿದ್ದೆಲ್ಲ ಅವಳೇ ಹೇಳೋದು. ನಂದೂ ಅಜ್ಜಿಗೆ ಅವಳೇ ಹೇಳ್ತಾಳೆ."

"ನಿಂದು ಅಂದ್ರೆ?"

"ನಾನು ಏನಾದ್ರೂ ಹೇಳ್ಬೇಕಾದ್ರೆ. ಹೋದ ವಾರ ಟೆಸ್ಟಿಂದು ಹೇಳ್ಸಿದೆ. ನಂಗೆ ನಾಯಿ ಗೊತ್ತಿತ್ತು, ಬಾಗಿಲು ಗೊತ್ತಿತ್ತು, ಅಜ್ಜಿ ಚಿತ್ರಾನೂ ಗೊತ್ತಿತ್ತು, ಆದ್ರೆ ಅಮ್ಮ ಹೀಗೆ ಮಾಡಿದ್ಲು ಅದಕ್ಕೇ ಹೇಳ್ಲಿಲ್ಲ ಅಂತ. ಅಜ್ಜಿ ನಗಬಹುದು ಅಂದ್ಕೊಂಡೆ. ಅಜ್ಜಿ ನಗಲೇ ಇಲ್ಲ. ಎರಡು ಸಲ ಹೇಳಿಸಿದ್ಲು ಲೂನಾ ಕೈಲಿ. ಆಮೇಲೆ ಅಜ್ಜಿ..."

ಮಿರೇಯಾಳ ಕೈ ತನಗೇ ತಿಳಿಯದಂತೆ ಬಾಯಿಯ ಮೇಲೆ ಬಂದಿತ್ತು.

ಕೇಲಿ ಅದನ್ನು ನೋಡಿದಳು. ಹೇಳುತ್ತಿದ್ದ ಮಾತನ್ನು ಅಲ್ಲಿಗೇ ನಿಲ್ಲಿಸಿ, ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೂತಳು. ಬೇಲಿಯಾಚೆ ತೊಮಾಸಾ ಇನ್ನೊಮ್ಮೆ ಕತ್ತೆಯ ಹಾಗೆ ಅರಚಿದಳು.